ಮಲಗುವ ಜಾಗ ಒಣಗಿರಲಿ: ಹಂದಿಗೂಡಿನ ನೆಲ ಮತ್ತು ಹಂದಿಯ ಚರ್ಮ



ಕೃಷಿಯ ಬಗ್ಗೆ ನಡೆಯುವ ಸಭೆಗಳಲ್ಲಿ ಅಡಿಕೆಗೆ, ರಬ್ಬರಿಗೆ, ಹೈನುಗಾರಿಕೆಗೆ ಸಿಗುವ ಸಮಯ ಹಂದಿ ಸಾಕಣೆಗೆ ಸಿಗುವುದು ಅಪರೂಪ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಈ ಸೀಮೆಗೆ ಹಂದಿ ಹೊರಗಿನ ಪ್ರಾಣಿಯಲ್ಲ. ಹಂದಿಗೆ ತುಳುವಿನಲ್ಲಿರುವ ಪಂಜಿ ಎಂಬ ಮಾತು ಪಂಜುರ್ಲಿ ದೈವದ ಹೆಸರಿನಲ್ಲಿಯೇ ಇದೆ. ಹಂದಿಯ ರೂಪಕ್ಕೆ ಕೈಮುಗಿಯುವ ನಾಡು ಇದು. ಕರಾವಳಿಯ ಕೆಥೋಲಿಕ್ ಮನೆಗಳಲ್ಲಿ ಮದುವೆಯ ಊಟಕ್ಕೂ ಕ್ರಿಸ್ಮಸ್ ಊಟಕ್ಕೂ ಹಂದಿಮಾಂಸದ ಸಾರು, ಸಾನ್ನಾಂ ಬೇಕೇ ಬೇಕು. ಬೆಳ್ತಂಗಡಿಯ ಗುಡ್ಡಗಳಿಗೆ ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ರಬ್ಬರಿನ ಜೊತೆಗೆ ಹಂದಿಯನ್ನೂ ಸಾಕಿದವು. ಇನ್ನು ನಮ್ಮ ಊರುಗಳಲ್ಲಿ ಹಂದಿಮಾಂಸವನ್ನು ಬೇಯಿಸುವ ರೀತಿಯಲ್ಲಿಯೇ ಇವತ್ತಿನ ವಿಷಯದ ಕೀಲು ಇದೆ. ಇಲ್ಲಿ ಹಂದಿಯ ಚರ್ಮವನ್ನು ಸುಲಿದು ಬಿಸಾಡುವುದಿಲ್ಲ. ಬಿಸಿನೀರು ಹೊಯ್ದು, ರೋಮ ಹೆರೆದು, ಚರ್ಮ ಮತ್ತು ಕೊಬ್ಬಿನ ಸಮೇತ ತುಂಡು ಮಾಡುತ್ತಾರೆ. ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ಚರ್ಮ. ಆ ಚರ್ಮದ ಮೇಲಿನ ಗಾಯ, ಜಡ್ಡು, ಕಜ್ಜಿಯ ಕಲೆಗಳಲ್ಲಿ ಬಹಳಷ್ಟು ಹಂದಿ ಹುಟ್ಟಿದ ದಿನದಿಂದ ಮಲಗಿದ ನೆಲದ ಗುರುತುಗಳು.

ನಾನು ಮುಂದಿಡುವ ವಾದ ಒಂದೇ. ಹಂದಿಗೂಡಿಗೆ ಮಣ್ಣಿನ ನೆಲ ಒಳ್ಳೆಯದೋ, ಸಿಮೆಂಟಿನದೋ, ಸಲಾಕೆಯದೋ ಎಂಬ ಚರ್ಚೆ ಬಹಳ ಕಾಲದಿಂದ ನಡೆದಿದೆ. ಈ ಪ್ರಶ್ನೆಯನ್ನು ನಾವು ತಪ್ಪಾಗಿ ಕೇಳುತ್ತಿದ್ದೇವೆ. ಚರ್ಮದ ಆರೋಗ್ಯವನ್ನು ನಿರ್ಧರಿಸುವುದು ನೆಲದ ಹೆಸರಲ್ಲ, ನೆಲದ ಸ್ಥಿತಿ. ಮಲಗುವ ಜಾಗ ಒಣಗಿದೆಯೇ? ಅದರ ಮೇಲ್ಮೈ ಚರ್ಮವನ್ನು ಗೀಚುತ್ತದೆಯೇ? ಮಲಗುವುದಕ್ಕೆ ಒಂದು ಕಡೆ, ಸಗಣಿ ಮೂತ್ರಕ್ಕೆ ಇನ್ನೊಂದು ಕಡೆ ಎಂದು ಆರಿಸಿಕೊಳ್ಳುವ ಅವಕಾಶ ಹಂದಿಗೆ ಇದೆಯೇ? ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕರೆ ಸಿಮೆಂಟಿನ ಗೂಡಿನಲ್ಲಿಯೂ ಚರ್ಮ ಚೆನ್ನಾಗಿರುತ್ತದೆ. ಸಿಗದಿದ್ದರೆ ಎಷ್ಟು ದುಬಾರಿಯ ನೆಲವೂ ಗಾಯ ಮಾಡುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಮೂರರಲ್ಲಿ ಮೊದಲನೆಯದೇ ಹಿರಿಯ ಪ್ರಶ್ನೆ.

ಮೊದಲು ಚರ್ಮವನ್ನೇ ನೋಡೋಣ. ಹಂದಿಯ ಚರ್ಮ ರಚನೆಯಲ್ಲಿ ಮನುಷ್ಯನ ಚರ್ಮಕ್ಕೆ ಎಷ್ಟು ಹತ್ತಿರವೆಂದರೆ, ಸುಟ್ಟಗಾಯ ಮತ್ತು ಔಷಧಗಳ ಸಂಶೋಧನೆಯಲ್ಲಿ ಅದನ್ನೇ ಮಾದರಿಯಾಗಿ ಬಳಸುತ್ತಾರೆ. ದನಕ್ಕೆ ಇರುವಂತೆ ದಟ್ಟ ರೋಮದ ಹೊದಿಕೆ ಅದಕ್ಕಿಲ್ಲ. ಬೆವರಿ ಮೈ ತಣಿಸಿಕೊಳ್ಳುವ ಶಕ್ತಿಯೂ ಇಲ್ಲವೆನ್ನುವಷ್ಟು ಕಡಿಮೆ. ಸೆಕೆ ಏರಿದಾಗ ಅದಕ್ಕೆ ಉಳಿಯುವ ದಾರಿ ಮೈಯನ್ನು ಒದ್ದೆ ಮಾಡಿಕೊಳ್ಳುವುದು. ಡಿ. ಎಲ್. ಇಂಗ್ರಾಮ್ ಎಂಬ ವಿಜ್ಞಾನಿ 1965ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಈ ಗುಣವನ್ನು ಚೆನ್ನಾಗಿ ತೋರಿಸಿತು: ಮೈಗೆ ಬರಿಯ ನೀರು ತಾಗಿದರೆ ಅದು ಬೇಗ ಆರಿಹೋಗುತ್ತದೆ, ಕೆಸರು ಮೆತ್ತಿದರೆ ತಂಪು ಸುಮಾರು ಎರಡು ಗಂಟೆ ಉಳಿಯುತ್ತದೆ. ಎಂದರೆ ಕೆಸರಿನಲ್ಲಿ ಹೊರಳುವುದು ಹಂದಿಯ ಕೊಳಕುತನವಲ್ಲ, ಚರ್ಮದ ಆರೈಕೆ. ಗೂಡಿನೊಳಗೆ ಕೆಸರಿಲ್ಲ. ಸೆಕೆ ತಡೆಯಲಾಗದ ಹಂದಿ ಅಲ್ಲಿ ಕೆಸರಿನ ಬದಲಿಗೆ ತನ್ನ ಸಗಣಿ ಮೂತ್ರದ ರೊಚ್ಚಿನಲ್ಲಿಯೇ ಮಲಗುತ್ತದೆ. ಕೆಸರು ಒಣಗಿ ಉದುರುವಾಗ ಚರ್ಮವನ್ನು ಶುಚಿ ಮಾಡುತ್ತದೆ; ರೊಚ್ಚು ಅದನ್ನು ನೆನೆಸಿ ಮೆತ್ತಗೆ ಮಾಡುತ್ತದೆ, ಮೂತ್ರದಿಂದ ಹುಟ್ಟುವ ಅಮೋನಿಯಾ ಉರಿಸುತ್ತದೆ. ಹೀಗೆ ನೆನೆದು ಮೆತ್ತಗಾದ ಚರ್ಮ ಒರಟು ನೆಲಕ್ಕೆ ಉಜ್ಜಿದಾಗ ಒಣ ಚರ್ಮಕ್ಕಿಂತ ಬೇಗ ಸುಲಿಯುತ್ತದೆ. ಒದ್ದೆ ಮತ್ತು ಒರಟು ಒಟ್ಟಿಗೆ ಸೇರಿದಾಗ ಆಗುವ ಹಾನಿ, ಅವು ಬೇರೆ ಬೇರೆಯಾಗಿದ್ದಾಗ ಆಗುವ ಹಾನಿಗಿಂತ ಹೆಚ್ಚು.

ಒಂದು ಚಾರಿತ್ರಿಕ ಬದಲಾವಣೆಯನ್ನು ಇಲ್ಲಿ ಗಮನಿಸಬೇಕು. ಹಿಂದೆ ಮನೆಯ ಹಿತ್ತಿಲಲ್ಲಿ ಇದ್ದದ್ದು ಕಪ್ಪು ಬಣ್ಣದ, ಒರಟು ರೋಮದ ಊರ ಹಂದಿ. ಹಗಲೆಲ್ಲ ತಿರುಗಾಡಿ, ತೋಡಿನ ಬದಿಯಲ್ಲಿ ಹೊರಳಿ, ರಾತ್ರಿ ಮಾತ್ರ ಗೂಡು ಸೇರುತ್ತಿತ್ತು. ನೆಲ ಅದರ ಮೈಗೆ ತಾಗುತ್ತಿದ್ದದ್ದು ದಿನದ ಕೆಲವೇ ಹೊತ್ತು. ಈಗ ಗೂಡಿನಲ್ಲಿರುವುದು ಬಿಳಿ ಯಾರ್ಕ್‌ಷೈರ್, ಲ್ಯಾಂಡ್‌ರೇಸ್, ಡ್ಯೂರಾಕ್ ತಳಿಗಳ ಮಿಶ್ರ ಸಂತತಿ. ತೆಳು ರೋಮ, ಬಹುಪಾಲು ತಿಳಿ ಬಣ್ಣದ ಚರ್ಮ, ಬೇಗ ಏರುವ ತೂಕ, ಹುಟ್ಟಿನಿಂದ ಮಾರಾಟದವರೆಗೆ ನಾಲ್ಕು ಗೋಡೆಗಳ ನಡುವಿನ ಬದುಕು. ಬೆಳೆಯುವ ಹಂದಿ ದಿನದ ಬಹುಪಾಲು ಹೊತ್ತು ಮಲಗಿಯೇ ಇರುತ್ತದೆ. ತಳಿ ಬದಲಾಯಿತು, ಆಹಾರ ಬದಲಾಯಿತು, ಮುರಕಲ್ಲಿನ ಗೋಡೆ ಎತ್ತರವಾಯಿತು. ನೆಲದ ಬಗ್ಗೆ ಮಾತ್ರ ಒಂದಿಷ್ಟು ಜಲ್ಲಿ, ಹೊಯಿಗೆ, ಸಿಮೆಂಟು ಸುರಿದರೆ ಸಾಕೆಂಬ ಎಣಿಕೆ ಉಳಿಯಿತು. ದಿನದಲ್ಲಿ ಕೆಲವು ಗಂಟೆ ಸಹಿಸಬಹುದಾದ ನೆಲವನ್ನು ದಿನವಿಡೀ ಸಹಿಸಲಾಗುವುದಿಲ್ಲ ಎಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹಾಗೆಂದು ಚರ್ಮದ ಮೇಲೆ ಕಾಣುವುದನ್ನೆಲ್ಲ ನೆಲದ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಂದಿಯ ಚರ್ಮದ ತೊಂದರೆಗಳನ್ನು ಮೂರು ಗುಂಪು ಮಾಡಿದರೆ ವಿಚಾರ ಸ್ಪಷ್ಟವಾಗುತ್ತದೆ. ಮೊದಲನೆಯದು ನೆಲವೇ ಮಾಡುವ ಗಾಯಗಳು: ಮರಿಗಳ ಮೊಣಕಾಲಿನ ತರಚು, ದೊಡ್ಡ ಹಂದಿಗಳ ಹಿಂಗಾಲ ಕೀಲಿನ ಬಳಿ ಏಳುವ ನೀರುಗುಳ್ಳೆಯಂಥ ಊತ ಮತ್ತು ಜಡ್ಡು, ಮೂತ್ರದಲ್ಲಿ ನೆನೆದ ಹೊಟ್ಟೆ ತೊಡೆಗಳ ಉರಿ, ಬಡಕಲಾದ ತಾಯಿಹಂದಿಯ ಭುಜದ ಮೂಳೆಯ ಮೇಲಿನ ಹುಣ್ಣು. ಎರಡನೆಯದು ಬೇರೆ ಕಾರಣದಿಂದ ಹುಟ್ಟಿ ನೆಲದ ನೆರವಿನಿಂದ ಬೆಳೆಯುವ ರೋಗಗಳು: ಗಾಯದ ಮೂಲಕ ಒಳಹೋಗುವ ಬ್ಯಾಕ್ಟೀರಿಯಾಗಳ ಸೋಂಕು, ಕಜ್ಜಿ, ಮೈಮೇಲೆ ವಜ್ರಾಕಾರದ ಕೆಂಪು ದದ್ದುಗಳನ್ನು ಎಬ್ಬಿಸುವ ಎರಿಸಿಪೆಲಸ್. ಮೂರನೆಯದು ನೆಲಕ್ಕೆ ಸಂಬಂಧವಿಲ್ಲದವು. 1955ರಲ್ಲಿ ಅಮೆರಿಕದ ಟಕರ್ ಮತ್ತು ಸ್ಯಾಮನ್ ಎಂಬ ವಿಜ್ಞಾನಿಗಳು ಹಂದಿಗಳ ಕಾಲು, ಹೊಟ್ಟೆಗಳ ಮೇಲೆ ಎರಡೂ ಬದಿಗೆ ಸಮವಾಗಿ ಏಳುವ ಒಣ ಹಕ್ಕಳೆಗೆ ಆಹಾರದಲ್ಲಿನ ಸತುವಿನ ಕೊರತೆ ಕಾರಣವೆಂದು ತೋರಿಸಿದರು. ಅಂಥ ಹಂದಿಯನ್ನು ಎಷ್ಟು ಒಳ್ಳೆಯ ನೆಲದ ಮೇಲೆ ಮಲಗಿಸಿದರೂ ಫಲವಿಲ್ಲ, ಮೇವು ತಿದ್ದಬೇಕು. ಜ್ವರ ಬಂದು, ಮೇವು ಬಿಟ್ಟು, ಕಿವಿ ಹೊಟ್ಟೆಗಳ ಚರ್ಮ ಕೆಂಪುನೀಲಿಗೆ ತಿರುಗಿದರೆ ಅದು ಹಂದಿಜ್ವರದ ಲಕ್ಷಣವಾಗಿರಬಹುದು. ಆಗ ನೆಲದ ಚರ್ಚೆ ಬಿಟ್ಟು ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ಗಾಯ ಯಾವ ಜಾಗದಲ್ಲಿದೆ ಎಂಬುದರಿಂದಲೇ ಎಷ್ಟೋ ತಿಳಿಯುತ್ತದೆ: ಮೊಣಕಾಲು, ಮೊಣಕೈ, ಭುಜ, ಹಿಂಗಾಲ ಕೀಲುಗಳಲ್ಲಿ ಇದ್ದರೆ ನೆಲವನ್ನು ನೋಡಿ, ಕಿವಿಯೊಳಗೆ ಹಕ್ಕಳೆ, ಬಿಡದ ತುರಿಕೆ ಇದ್ದರೆ ಕಜ್ಜಿಯ ಹುಳವನ್ನು ಹುಡುಕಿ.

ಮೊದಲ ಗುಂಪಿನಲ್ಲಿ ಮರಿಗಳ ಮೊಣಕಾಲು ಎಲ್ಲಕ್ಕಿಂತ ಮುಖ್ಯ. ಹುಟ್ಟಿದ ಮರಿ ಮೊಲೆಗಾಗಿ ತಳ್ಳಾಡುವಾಗ ಮುಂಗಾಲಿನ ಮಂಡಿಯೂರಿ ನೆಲವನ್ನು ಒದೆಯುತ್ತಲೇ ಇರುತ್ತದೆ. ಅದರ ಚರ್ಮ ಆಗ ಕಾಗದದಷ್ಟು ತೆಳು. ನೆಲ ಒರಟಾಗಿದ್ದರೆ ಮೊದಲ ದಿನವೇ ತರಚುತ್ತದೆ, ಮೊದಲ ವಾರದಲ್ಲಿಯೇ ಗಾಯ ಅತಿ ಹೆಚ್ಚು. ಹೆಣ್ಣುಮರಿಗಳ ಮುಂದಿನ ಮೊಲೆತೊಟ್ಟುಗಳೂ ಹೀಗೆಯೇ ಉಜ್ಜಿ ಸತ್ತುಹೋಗುತ್ತವೆ. ನಾಳೆ ತಾಯಾಗಬೇಕಾದ ಹಂದಿ ಹುಟ್ಟಿದ ವಾರದಲ್ಲಿಯೇ ಹಾಲಿನ ಮೊಲೆ ಕಳೆದುಕೊಳ್ಳುತ್ತದೆ. ಆ ತರಚು ರೋಗಕ್ಕೂ ಬಾಗಿಲು. ಸ್ಟಫೈಲೋಕಾಕಸ್ ಹೈಕಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಂತ ಹಂದಿಗಳ ಚರ್ಮದ ಮೇಲೆಯೂ ಇರುತ್ತದೆ. ಚರ್ಮ ಒಡೆಯದೆ ಅದು ಒಳಗೆ ಹೋಗುವುದಿಲ್ಲ. ಒಡೆದ ಮೇಲೆ, ಅದರಲ್ಲಿಯೂ ಗಾಳಿಯ ತೇವ ಶೇಕಡಾ 70ನ್ನು ದಾಟಿದ ಮೇಲೆ, ಅದು ಎಳೆಮರಿಗಳ ಮೈಯೆಲ್ಲ ಜಿಡ್ಡುಜಿಡ್ಡಾದ ಕಂದು ಪೊರೆಯಿಂದ ಮುಚ್ಚುವ ರೋಗವನ್ನು ತರುತ್ತದೆ. ಹೆಚ್ಚಾಗಿ ಹಾಲು ಕುಡಿಯುವ ಮತ್ತು ಹೊಸದಾಗಿ ಹಾಲು ಬಿಡಿಸಿದ ಮರಿಗಳಿಗೆ ಬರುವ ಈ ರೋಗ ಬಲವಾದರೆ ಮರಿ ನೀರಿನಂಶ ಕಳೆದುಕೊಂಡು ಸಾಯುತ್ತದೆ. ನಮ್ಮಲ್ಲಿ ಆಟಿ ತಿಂಗಳ ಮಳೆಗೆ ಗಾಳಿಯ ತೇವ ವಾರಗಟ್ಟಲೆ ಶೇಕಡಾ 70ಕ್ಕಿಂತ ಬಹಳ ಮೇಲೆಯೇ ಇರುತ್ತದೆ. ಹೊರಗಿನ ಗಾಳಿಯನ್ನು ಒಣಗಿಸುವುದು ಯಾರ ಕೈಯಲ್ಲಿಯೂ ಇಲ್ಲ, ನೆಲವನ್ನು ನಯವಾಗಿಯೂ ಒಣದಾಗಿಯೂ ಇಡುವುದು ಇದೆ.

ಈಗ ನಮ್ಮಲ್ಲಿ ಅತಿ ಹೆಚ್ಚು ಕಾಣುವ ಸಿಮೆಂಟು ನೆಲಕ್ಕೆ ಬರೋಣ. ಸಿಮೆಂಟು ಒಂದೇ ಬಗೆಯ ನೆಲವೆಂದು ಭಾವಿಸುತ್ತೇವೆ, ಆದರೆ ಅದು ವಯಸ್ಸಿನೊಂದಿಗೆ ಬದಲಾಗುತ್ತದೆ. ಹೊಸದಾಗಿ ಹಾಕಿದ ಸಿಮೆಂಟಿನಲ್ಲಿ ಸುಣ್ಣದ ಕ್ಷಾರ ತೀವ್ರವಾಗಿರುತ್ತದೆ. ಸರಿಯಾಗಿ ನೀರು ಹಾಯಿಸಿ ಹದಮಾಡದೆ, ತೊಳೆಯದೆ ಹಂದಿಗಳನ್ನು ಬಿಟ್ಟರೆ ಪಾದ ಮತ್ತು ಚರ್ಮ ಸುಡುತ್ತವೆ. ಕೆಲವು ವರ್ಷ ಕಳೆದ ಮೇಲೆ ತೊಂದರೆ ಬೇರೆ. ನಮ್ಮ ಗೂಡುಗಳಲ್ಲಿ ಹಂದಿಗೆ ಸಿಗುವುದು ಬಹುಮಟ್ಟಿಗೆ ಮುಸುರೆ, ಅಕ್ಕಚ್ಚು, ಗಂಜಿಯ ತೆಳಿ, ಹೋಟೆಲು ಮತ್ತು ಸಮಾರಂಭಗಳಲ್ಲಿ ಉಳಿದ ಅನ್ನ. ಇದು ಹುಳಿಬಂದಾಗ ಲ್ಯಾಕ್ಟಿಕ್ ಆಮ್ಲ, ಅಸಿಟಿಕ್ ಆಮ್ಲ ಹುಟ್ಟುತ್ತವೆ. ಈ ಆಮ್ಲಗಳು ಸಿಮೆಂಟನ್ನು ತಿನ್ನುತ್ತವೆ ಎಂಬುದು ಬೆಲ್ಜಿಯಂನ ಹಂದಿಗೂಡುಗಳ ನೆಲವನ್ನು ಪರೀಕ್ಷಿಸಿದ ಸಂಶೋಧಕರು ಸ್ಥಾಪಿಸಿದ ಸಂಗತಿ. ಮೇವಿನ ತೊಟ್ಟಿಯ ಸುತ್ತಲೇ ನೆಲ ಮೊದಲು ಸವೆದು ಗುಂಡಿಬೀಳುವುದಕ್ಕೆ ಕಾರಣ ಇದು. ಮೇಲಿನ ನಯವಾದ ಗಾರೆ ಕರಗಿ ಜಲ್ಲಿಯ ಮೊನೆ ತಲೆ ಎತ್ತುತ್ತದೆ. ಹಾಕಿದ ವರ್ಷ ನಯವಾಗಿದ್ದ ನೆಲವೇ ಐದಾರು ವರ್ಷಗಳಲ್ಲಿ ಅರದಂತಾಗಿ, ಗುಂಡಿಗಳಲ್ಲಿ ರೊಚ್ಚು ನಿಂತು, ಒದ್ದೆಯೂ ಒರಟೂ ಆದ ನೆಲವಾಗುತ್ತದೆ. ಆದ್ದರಿಂದ ‘ನಮ್ಮದು ಸಿಮೆಂಟು ನೆಲ’ ಎಂಬ ಉತ್ತರದಿಂದ ಚರ್ಮದ ಸ್ಥಿತಿ ತಿಳಿಯುವುದಿಲ್ಲ. ಯಾವ ವರ್ಷದ ಸಿಮೆಂಟು, ತೊಟ್ಟಿಯ ಬಳಿ ತೇಪೆ ಹಾಕಿ ಎಷ್ಟು ಕಾಲವಾಯಿತು, ನೀರು ಎತ್ತ ಹರಿಯುತ್ತದೆ ಎಂದು ಕೇಳಬೇಕು.

ಸಲಾಕೆ ನೆಲವನ್ನು, ಎಂದರೆ ಪಟ್ಟಿಗಳ ನಡುವೆ ಸಂದು ಬಿಟ್ಟು ಸಗಣಿ ಮೂತ್ರ ಕೆಳಗಿಳಿಯುವಂತೆ ಮಾಡಿದ ನೆಲವನ್ನು, ಆಧುನಿಕತೆಯ ಗುರುತೆಂದು ಹೊಗಳುವವರಿದ್ದಾರೆ. ಆಡಿನ ಅಟ್ಟಣಿಗೆ ಗೂಡುಗಳಲ್ಲಿ ಇಂಥ ನೆಲ ನಮಗೆ ಪರಿಚಿತ. ಒಣಗಿರುವುದು ಅದರ ದೊಡ್ಡ ಗುಣ, ಅದನ್ನು ಒಪ್ಪಬೇಕು. ಆದರೆ ಹಂದಿಯ ಭಾರವೆಲ್ಲ ಆಗ ಪಟ್ಟಿಯ ಅಂಚುಗಳ ಮೇಲೆ ಬೀಳುತ್ತದೆ. ಸಂದು ಅಗಲವಾದರೆ ಮರಿಯ ಗೊರಸು ಸಿಕ್ಕಿಕೊಳ್ಳುತ್ತದೆ, ಅಂಚು ಹರಿತವಾದರೆ ಕೊಯ್ಯುತ್ತದೆ. ಯುರೋಪಿನ ಒಕ್ಕೂಟ 2008ರ ತನ್ನ ನಿರ್ದೇಶನದಲ್ಲಿ ಕಾಂಕ್ರೀಟು ಸಲಾಕೆಗಳ ಸಂದಿಗೆ ಅಳತೆಯನ್ನೇ ಗೊತ್ತುಮಾಡಿತು: ಹಾಲುಕುಡಿಯುವ ಮರಿಗೆ 11 ಮಿಲಿಮೀಟರ್, ಹಾಲು ಬಿಡಿಸಿದ ಮರಿಗೆ 14, ಬೆಳೆಯುವ ಹಂದಿಗೆ 18, ತಾಯಿಹಂದಿಗೆ 20ಕ್ಕಿಂತ ಹೆಚ್ಚಿರಬಾರದು, ಪಟ್ಟಿಯ ಅಗಲ ಮರಿಗಳಿಗೆ 50, ದೊಡ್ಡವಕ್ಕೆ 80 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಕಾನೂನು ಮಿಲಿಮೀಟರಿನ ಲೆಕ್ಕಕ್ಕೆ ಇಳಿಯಬೇಕಾಯಿತೆಂದರೆ ಅಷ್ಟು ಸಣ್ಣ ವ್ಯತ್ಯಾಸವೂ ಮೈಮೇಲೆ ಗಾಯವಾಗುತ್ತದೆ ಎಂದರ್ಥ. ಇಂಗ್ಲೆಂಡಿನ ಸಾಕಣೆಗಳಲ್ಲಿ ಕಿಲ್‌ಬ್ರೈಡ್ ಮತ್ತು ಸಂಗಡಿಗರು ನಡೆಸಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಗಳು ಬಯಲಿನ ಮಣ್ಣಿನ ಮೇಲೆ ಬೆಳೆದ ಹಂದಿಗಳಲ್ಲಿ ಕಾಲಿನ ಗಾಯ ಅತಿ ಕಡಿಮೆ ಎಂದು ಕಂಡುಕೊಂಡವು. ಗೂಡಿನೊಳಗಿನ ನೆಲಗಳಲ್ಲಿ ಎಲ್ಲ ಬಗೆಯ ಗಾಯವನ್ನೂ ತಪ್ಪಿಸುವ ನೆಲ ಒಂದೂ ಸಿಗಲಿಲ್ಲ. ನೆಲದ ಹೆಸರನ್ನು ಹಿಡಿದು ಪರಿಹಾರ ಹುಡುಕುವುದು ಏಕೆ ಸಾಲದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ.

ಹಾಗಾದರೆ ಯಾವುದನ್ನು ನಂಬಬೇಕು? ಆ ಉತ್ತರದ ಅರ್ಧ ನಮ್ಮ ಹಟ್ಟಿಯಲ್ಲಿಯೇ ಇತ್ತು. ಈ ಜಿಲ್ಲೆಯ ರೈತರು ತಲೆಮಾರುಗಳಿಂದ ದನದ ಹಟ್ಟಿಗೆ ಸೊಪ್ಪು ಹಾಸಿದವರು, ತರಗೆಲೆ ಗುಡಿಸಿ ತಂದವರು. ಕುಮ್ಕಿಯ ಹಕ್ಕು, ಎಂದರೆ ವರ್ಗಭೂಮಿಗೆ (ಪಟ್ಟಾ ಜಮೀನಿಗೆ) ತಾಗಿದ ಸರಕಾರಿ ಜಾಗವನ್ನು ಬಳಸುವ ಹಕ್ಕು, ಇಲ್ಲಿ ಇಷ್ಟು ಬೆಲೆಯುಳ್ಳದ್ದಾಗಲು ಆ ಸೊಪ್ಪು, ತರಗೆಲೆಯೂ ಒಂದು ಕಾರಣ. ದನ ಮೆತ್ತನೆಯ ಜಾಗದಲ್ಲಿ ಮಲಗುತ್ತಿತ್ತು, ಮೂತ್ರ ಸೊಪ್ಪಿನಲ್ಲಿ ಇಂಗುತ್ತಿತ್ತು, ಹಟ್ಟಿಗೊಬ್ಬರ ಗದ್ದೆಗೂ ತೋಟಕ್ಕೂ ಹೋಗುತ್ತಿತ್ತು. ಇದೇ ಅರಿವನ್ನು ಹಂದಿಗೂಡಿಗೆ ತರಬೇಕೆಂಬುದು ನನ್ನ ಕೋರಿಕೆ. ಬೈಹುಲ್ಲು, ಉಮಿ, ಮರದ ಹುಡಿ, ಒಣ ತರಗೆಲೆ, ತೆಂಗಿನ ನಾರಿನ ಹುಡಿ ಇವೆಲ್ಲ ನಮ್ಮ ಸುತ್ತ ಸಿಗುವ ವಸ್ತುಗಳು. ಹಾಸು ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ಮೂತ್ರವನ್ನು ಹೀರಿ ಚರ್ಮದಿಂದ ದೂರವಿಡುತ್ತದೆ, ನೆಲದ ಒರಟುತನಕ್ಕೂ ಚರ್ಮಕ್ಕೂ ನಡುವೆ ಮೆತ್ತೆಯಾಗುತ್ತದೆ, ಮರಿಯ ಮೈಬಿಸಿಯನ್ನು ನೆಲ ಎಳೆದುಕೊಳ್ಳದಂತೆ ತಡೆಯುತ್ತದೆ. ಹುಟ್ಟಿದ ಮರಿಗೆ ಬೇಕಾದ ಸುತ್ತಲ ಶಾಖ 32ರಿಂದ 34 ಡಿಗ್ರಿ. ಒದ್ದೆ ಸಿಮೆಂಟು ಅದನ್ನು ಕ್ಷಣದಲ್ಲಿ ಕಸಿಯುತ್ತದೆ. ಹಾಸು ಇರುವ ಕಡೆ ಮೂತಿಯಿಂದ ಕೆದಕುವ ಹಂದಿಯ ಸಹಜ ಬಯಕೆಯೂ ತಣಿಯುತ್ತದೆ. ಕೆದಕಲು ಏನೂ ಇಲ್ಲದ ಹಂದಿ ಪಕ್ಕದ ಹಂದಿಯ ಬಾಲ, ಕಿವಿಗಳನ್ನು ಕಚ್ಚುತ್ತದೆ. ಆ ಕಚ್ಚುಗಾಯಗಳೂ ಚರ್ಮದ ಗಾಯಗಳೇ.

ಈ ವಾದಕ್ಕೆ ಗಂಭೀರವಾದ ಆಕ್ಷೇಪಗಳಿವೆ. ಮೊದಲನೆಯದು ಹೀಗೆ: ಹಂದಿಗಳ ಚರ್ಮಕ್ಕೆ ದೊಡ್ಡ ಶತ್ರು ಕಜ್ಜಿ, ಅದಕ್ಕೆ ಕಾರಣ ಸಾರ್ಕಾಪ್ಟಿಸ್ ಎಂಬ ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳ, ನೆಲಕ್ಕೂ ಅದಕ್ಕೂ ಏನು ಸಂಬಂಧ? ಆಕ್ಷೇಪದ ಮುಕ್ಕಾಲು ಪಾಲು ಸರಿ. ಈ ಹುಳ ಬದುಕುವುದು ಹಂದಿಯ ಚರ್ಮದೊಳಗೆ, ಹರಡುವುದು ಮೈಗೆ ಮೈ ತಾಗಿ, ಅದರಲ್ಲಿಯೂ ತಾಯಿಯಿಂದ ಮರಿಗೆ. ಅದರ ಕೋಟೆ ಇರುವುದು ತಾಯಿಹಂದಿ ಮತ್ತು ಬೀಜದ ಹಂದಿಯ ಕಿವಿಯೊಳಗಿನ ಹಕ್ಕಳೆಯಲ್ಲಿ. ಒಳ್ಳೆಯ ನೆಲ ಅದನ್ನು ಕೊಲ್ಲುವುದಿಲ್ಲ. ಪಶುವೈದ್ಯರ ಸಲಹೆಯಂತೆ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಕ್ರಮವಾಗಿ, ಎಲ್ಲ ಹಂದಿಗಳಿಗೂ ಒಂದೇ ಸಲಕ್ಕೆ ಕೊಡಬೇಕು. ಸುಟ್ಟ ಎಂಜಿನ್ ಎಣ್ಣೆ ಬಳಿಯುವ ರೂಢಿಯನ್ನು ಪೂರ್ತಿ ಬಿಡಬೇಕು, ಅದರ ವಿಷ ಚರ್ಮದ ಮೂಲಕ ಒಳಸೇರುತ್ತದೆ. ಆದರೆ ಉಳಿದ ಕಾಲು ಪಾಲಿನಲ್ಲಿ ನೆಲಕ್ಕೆ ಜಾಗವಿದೆ. ಹಂದಿಯ ಮೈಬಿಟ್ಟ ಹುಳ ಬಿಸಿ ಒಣ ಜಾಗದಲ್ಲಿ ಬೇಗ ಸಾಯುತ್ತದೆ, ತಂಪು ತೇವದ ಜಾಗದಲ್ಲಿ ಕೆಲವು ದಿನ ಬದುಕುತ್ತದೆ. ತುರಿಕೆ ತಾಳದೆ ಹಂದಿ ಒರಟು ಗೋಡೆಗೆ, ನೆಲಕ್ಕೆ ಉಜ್ಜಿದಾಗ ಆಗುವ ಗಾಯ ಬ್ಯಾಕ್ಟೀರಿಯಾಗಳಿಗೆ ದಾರಿಮಾಡುತ್ತದೆ. ಇಕ್ಕಟ್ಟಾದ ಒದ್ದೆ ಗೂಡಿನಲ್ಲಿ ಒಣ ಮೂಲೆಯೊಂದರಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದು ಮಲಗುತ್ತವೆ, ಹುಳ ದಾಟುವುದು ಸುಲಭವಾಗುತ್ತದೆ. ಮದ್ದು ಹುಳಕ್ಕೆ, ನೆಲ ಚರ್ಮಕ್ಕೆ. ಒಂದು ಇನ್ನೊಂದರ ಬದಲಿಯಲ್ಲ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳಲ್ಲಿ ಮೊದಲು ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ 2022ರಲ್ಲಿ ನಮ್ಮ ಪಕ್ಕದ ನೀರುಮಾರ್ಗ ಗ್ರಾಮಕ್ಕೂ ಬಂತು. ಅದಕ್ಕೆ ಮದ್ದಿಲ್ಲ, ಬಂದ ಗೂಡಿನ ಹಂದಿಗಳನ್ನೆಲ್ಲ ಕೊಲ್ಲಬೇಕಾಗುತ್ತದೆ. ರಾಷ್ಟ್ರೀಯ ಕ್ರಿಯಾಯೋಜನೆಯಂತೆ ಸುತ್ತಲ 1 ಕಿಲೋಮೀಟರ್ ರೋಗಪೀಡಿತ ವಲಯ, 10 ಕಿಲೋಮೀಟರ್ ನಿಗಾ ವಲಯ. ಇಂಥ ಕಾಲದಲ್ಲಿ ಮಣ್ಣಿನ ನೆಲವನ್ನೂ ಸೊಪ್ಪಿನ ಹಾಸನ್ನೂ ಸೋಂಕುಮುಕ್ತ ಮಾಡಲಾಗುವುದಿಲ್ಲ, ತೊಳೆದು ಮದ್ದು ಹೊಡೆಯಲು ಸಿಮೆಂಟೇ ಬೇಕು ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುತ್ತೇನೆ, ಮತ್ತು ಅದಕ್ಕಾಗಿಯೇ ಮಣ್ಣಿನ ನೆಲಕ್ಕೆ ಹಿಂದಿರುಗಿ ಎಂದು ಹೇಳುತ್ತಿಲ್ಲ. ಸೊಪ್ಪಿನ ಅರಿವನ್ನು ತರುವುದೆಂದರೆ ಹಳೆಯ ಹಟ್ಟಿಯ ಮಣ್ಣನ್ನೂ ತರುವುದಲ್ಲ. ಅಡಿಯಲ್ಲಿ ನೀರಿಳಿಯದ ಗಟ್ಟಿ ಸಿಮೆಂಟು, ಅದರ ಮೇಲೆ ಮಲಗುವ ಜಾಗದಲ್ಲಿ ಮಾತ್ರ ತೆಗೆದು ಬದಲಿಸಬಹುದಾದ ಹಾಸು: ಇವೆರಡೂ ಒಟ್ಟಿಗೆ ಇರಬಹುದು. ಒಂದು ತಂಡ ಮಾರಾಟವಾದ ಮೇಲೆ ಹಾಸನ್ನು ಪೂರ್ತಿ ತೆಗೆದು, ದೂರದಲ್ಲಿ ರಾಶಿಹಾಕಿ ಕಾಯಿಸಿ ಗೊಬ್ಬರ ಮಾಡಿ, ನೆಲ ತೊಳೆದು ಮದ್ದು ಹಾಕಿ, ಒಣಗಲು ಬಿಟ್ಟು, ಆಮೇಲೆ ಹೊಸ ಹಾಸು ಹಾಕಬೇಕು. ಕಾಡುಹಂದಿ ತಿರುಗುವ ಗುಡ್ಡದ ತರಗೆಲೆಯನ್ನು ಈಗ ತರಬಾರದು, ಅದರ ಮೂಲಕ ಸೋಂಕು ಬರಬಹುದು. ಮನೆಯಂಗಳದ ಬೈಹುಲ್ಲು, ಗಿರಣಿಯ ಉಮಿ ಅದಕ್ಕಿಂತ ಸುರಕ್ಷಿತ. ಈ ಜ್ವರ ಬರುವ ದೊಡ್ಡ ದಾರಿಗಳು ಬೇಯಿಸದ ಮುಸುರೆ, ಗೂಡಿನಿಂದ ಗೂಡಿಗೆ ತಿರುಗುವ ಜನ ಮತ್ತು ವಾಹನ. ಅವುಗಳನ್ನು ತಡೆಯದೆ ಸಿಮೆಂಟು ಮಾತ್ರ ತೊಳೆಯುತ್ತ ಕುಳಿತರೆ ಆ ತೊಳೆತದಿಂದ ರಕ್ಷಣೆ ಸಿಗುವುದಿಲ್ಲ, ಚರ್ಮ ಮಾತ್ರ ಕೆಡುತ್ತದೆ.

ದಿನಕ್ಕೆ ಮೂರು ಸಲ ಪೈಪು ಹಿಡಿದು ಗೂಡು ತೊಳೆದರೆ ಅದೇ ಶುಚಿತ್ವ ಎಂಬ ನಂಬಿಕೆಯನ್ನೂ ಇಲ್ಲಿಯೇ ಪರಿಶೀಲಿಸಬೇಕು. ಏಪ್ರಿಲಿನ ಬಿಸಿಲಿಗೆ ಆ ನೀರು ಗಳಿಗೆಯಲ್ಲಿ ಆರುತ್ತದೆ, ಹಂದಿಗೂ ತಂಪು. ಜುಲೈಯಲ್ಲಿ ಅದೇ ನೀರು ಮರುದಿನದವರೆಗೂ ನೆಲದಲ್ಲಿಯೇ ನಿಲ್ಲುತ್ತದೆ. ಮಳೆಗಾಲದಲ್ಲಿ ಮೊದಲು ಸಗಣಿಯನ್ನು ಹೆರೆದು ತೆಗೆಯಬೇಕು, ನೀರನ್ನು ಸಗಣಿಯ ಜಾಗಕ್ಕೆ ಮಾತ್ರ ಹಾಕಬೇಕು, ಮಲಗುವ ಜಾಗಕ್ಕೆ ನೀರು ತಾಗಲೇಬಾರದು. ಮೂರನೆಯ ಆಕ್ಷೇಪವೂ ಋತುವಿನದೇ: ಕರಾವಳಿಯ ಸೆಕೆಗೆ ದಪ್ಪ ಹಾಸು ಹಾಕಿದರೆ ಅದು ಕೊಳೆಯುತ್ತ ಬಿಸಿಯಾಗಿ ಹಂದಿಯನ್ನು ಬೇಯಿಸುವುದಿಲ್ಲವೇ? ನಿಜ, ಆಳವಾದ ಹಾಸಿನ ಒಳಗೆ ಗೊಬ್ಬರ ಕಾಯುವಂತೆಯೇ ಶಾಖ ಏರುತ್ತದೆ. ಚಳಿದೇಶದ ಪದ್ಧತಿಯನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ನಮಗೆ ಬೇಕಾದದ್ದು ತೆಳುಹಾಸು. ಮಳೆಗಾಲದಲ್ಲಿ ಮತ್ತು ಮರಿಹಾಕುವ ಗೂಡಿನಲ್ಲಿ ಹೆಚ್ಚು, ಬೇಸಿಗೆಯಲ್ಲಿ ದೊಡ್ಡ ಹಂದಿಗಳ ಕೆಳಗೆ ಕಡಿಮೆ. ಹಾಸು ಸಹ ತಪ್ಪಾಗಬಹುದು: ಬೂಸಲು ಹಿಡಿದ ಹುಲ್ಲು, ಒದ್ದೆಯಾದ ಮರದ ಹುಡಿ ಸ್ವತಃ ರೋಗದ ಮೂಲವಾಗುತ್ತವೆ, ಮರದ ಹುಡಿಯ ಮೂಲಕ ಹಂದಿಗಳಿಗೆ ಕ್ಷಯದ ಜಾತಿಯ ಬ್ಯಾಕ್ಟೀರಿಯಾಗಳು ತಗುಲಿದ್ದು ಯುರೋಪಿನಲ್ಲಿ ದಾಖಲಾಗಿದೆ. ಒದ್ದೆಯಾದ ಹಾಸು ಹಾಸೇ ಅಲ್ಲ, ಅದು ರೊಚ್ಚು. ಮತ್ತೆ ನಾವು ಹೊರಟಲ್ಲಿಗೇ ಬರುತ್ತೇವೆ: ವಸ್ತು ಯಾವುದಾದರೂ ಇರಲಿ, ಒಣಗಿದೆಯೇ ಎಂಬುದೇ ಪ್ರಶ್ನೆ.

ನಾಲ್ಕನೆಯದು ಹಣದ ಆಕ್ಷೇಪ. ಆರೆಂಟು ತಿಂಗಳಲ್ಲಿ ಮಾಂಸಕ್ಕೆ ಹೋಗುವ ಪ್ರಾಣಿಯ ಮೊಣಕಾಲಿಗೆ ಇಷ್ಟು ಖರ್ಚೇಕೆ? ದೇಶದಲ್ಲಿ ಹಂದಿಗಳ ಸಂಖ್ಯೆ 2012ರ ಜಾನುವಾರು ಗಣತಿಯಲ್ಲಿ 1.03 ಕೋಟಿ ಇದ್ದದ್ದು 2019ರಲ್ಲಿ 90.6 ಲಕ್ಷಕ್ಕೆ ಇಳಿದಿದೆ. ಇರುವ ಸಾಕಣೆಗಾರರು ಒಂದೊಂದು ರೂಪಾಯಿ ಎಣಿಸುವವರು, ಈ ಪ್ರಶ್ನೆ ಅವರ ಬಾಯಲ್ಲಿ ಸಹಜ. ಮೊದಲ ಉತ್ತರ ಲೆಕ್ಕದ್ದು. ತುರಿಸುತ್ತ, ನೋವಿನಲ್ಲಿ ನರಳುತ್ತ ಇರುವ ಹಂದಿ ತಿಂದದ್ದನ್ನು ತೂಕ ಮಾಡುವುದಿಲ್ಲ. ಮರಿ ಸತ್ತರೆ ತಾಯಿ ತಿಂದ ಮೇವೆಲ್ಲ ವ್ಯರ್ಥ. ಚರ್ಮಸಹಿತ ಮಾರುವ ಮಾಂಸದಲ್ಲಿ ಕಲೆಬಿದ್ದ ಭಾಗವನ್ನು ಕೊಯ್ದು ಬಿಸಾಡಬೇಕು. ಎರಡನೆಯ ಉತ್ತರ ಮನುಷ್ಯರದು. ಗೂಡಿನ ನೆಲದಲ್ಲಿ ಹಂದಿಯಷ್ಟೇ ಹೊತ್ತು ಅಲ್ಲದಿದ್ದರೂ ದಿನವೂ ನಿಲ್ಲುವವರು ಅದನ್ನು ತೊಳೆಯುವ ಮಂದಿ, ಎಷ್ಟೋ ಕಡೆ ಬರಿಗಾಲಿನಲ್ಲಿ. ನಮ್ಮ ಜಿಲ್ಲೆಗೆ ಮಳೆಗಾಲದ ಇಲಿಜ್ವರ ಚಿರಪರಿಚಿತ; ಅದರ ಸೂಕ್ಷ್ಮಜೀವಿ ಹಂದಿಯ ಮೂತ್ರದಲ್ಲಿಯೂ ಹೊರಬೀಳುತ್ತದೆ, ಒದ್ದೆ ನೆಲದಲ್ಲಿ ಉಳಿಯುತ್ತದೆ, ಒಡೆದ ಪಾದದ ಮೂಲಕ ಒಳಸೇರುತ್ತದೆ. ಎರಿಸಿಪೆಲಸ್ ಬ್ಯಾಕ್ಟೀರಿಯಾ ಕೈಬೆರಳಿನ ಸಣ್ಣ ಗಾಯದಿಂದಲೂ ಮನುಷ್ಯನಿಗೆ ತಗುಲುತ್ತದೆ. ಹಂದಿಯ ಚರ್ಮಕ್ಕೆ ಕೆಟ್ಟದಾದ ನೆಲ ಕೆಲಸಗಾರರ ಚರ್ಮಕ್ಕೂ ಕೆಟ್ಟದ್ದೇ. ಈ ಕೆಲಸವನ್ನು ಕೀಳೆಂದು ಕಂಡು, ಅದನ್ನು ಮಾಡುವವರನ್ನೂ ಕೀಳಾಗಿ ಕಂಡ ಸಮಾಜ ನಮ್ಮದು. ಗೂಡಿನ ನೆಲದ ಸ್ಥಿತಿಯ ಬಗ್ಗೆ ನಮ್ಮಲ್ಲಿ ಇದುವರೆಗೆ ಹೆಚ್ಚು ಯೋಚಿಸದಿರುವುದರ ಹಿಂದೆ ಆ ಕಣ್ಣೂ ಇದೆ ಎಂದು ನಾನು ಭಾವಿಸುತ್ತೇನೆ.

ಇದೆಲ್ಲ ದೊಡ್ಡ ಖರ್ಚಿನ ಕೆಲಸವೂ ಅಲ್ಲ. ಗೂಡನ್ನು ಎತ್ತರದ ಜಾಗದಲ್ಲಿ ಕಟ್ಟಬೇಕು. ಎರಚಲು ಒಳಗೆ ಬೀಳದಂತೆ ಮಾಡಿನ ಇಳಿಕೆಯನ್ನು ಉದ್ದ ಬಿಡಬೇಕು. ಹಂಚಿನ ಮಾಡು ತಗಡಿಗಿಂತ ತಂಪು, ತಂಪಾದ ಗೂಡಿನ ಹಂದಿ ರೊಚ್ಚಿನಲ್ಲಿ ಮಲಗುವುದಿಲ್ಲ, ಆದ್ದರಿಂದ ಮಾಡು ಕೂಡ ಚರ್ಮದ ಮದ್ದೇ. ನೆಲಕ್ಕೆ ಮೀಟರಿಗೆ ಮೂರರಿಂದ ಐದು ಸೆಂಟಿಮೀಟರ್ ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ ಮೋರಿ ಮತ್ತು ನೀರಿನ ನಲ್ಲಿ, ಎತ್ತರದ ತುದಿಯಲ್ಲಿ ಮಲಗುವ ಜಾಗ ಇಡಬೇಕು. ನೀರಿರುವಲ್ಲಿ ಸಗಣಿ ಹಾಕಿ ಒಣಗಿರುವಲ್ಲಿ ಮಲಗುವುದು ಹಂದಿಯ ಸ್ವಭಾವ. ಜಾಗ ಕೊಟ್ಟರೆ ಅದು ತಾನೇ ಪಾಲಿಸುತ್ತದೆ. ನಮ್ಮ ಪಶುಪಾಲನಾ ಪಠ್ಯಗಳು ಬೆಳೆಯುವ ಹಂದಿಯೊಂದಕ್ಕೆ 0.9ರಿಂದ 1.8 ಚದರ ಮೀಟರ್ ಮಾಡಿನಡಿಯ ಜಾಗ ಹೇಳುತ್ತವೆ. ಅದಕ್ಕಿಂತ ಒತ್ತಿ ತುಂಬಿದರೆ ಆ ಸ್ವಭಾವ ಸೋಲುತ್ತದೆ. ಗಾರೆಯನ್ನು ಗಾಜಿನಂತೆ ನುಣುಪು ಮಾಡಿದರೆ ಹಂದಿ ಜಾರುತ್ತದೆ, ಒರಟಾಗಿ ಬಿಟ್ಟರೆ ತರಚುತ್ತದೆ. ಮರದ ಪಟ್ಟಿಯಿಂದ ಉಜ್ಜಿದ ನಡುಹದ ಸಾಕು. ಮರಿಹಾಕುವ ಗೂಡಿನ ಮೂಲೆಗೆ, ದನದ ಹಟ್ಟಿಯಲ್ಲಿ ಈಗ ಎಲ್ಲೆಡೆ ಕಾಣುವ ರಬ್ಬರ್ ಮ್ಯಾಟಿನ ತುಂಡೊಂದನ್ನು ಹಾಕಿದರೆ ಮರಿಯ ಮೊಣಕಾಲೂ ತಾಯಿಯ ಭುಜವೂ ಉಳಿಯುತ್ತವೆ. ಉದ್ಯೋಗ ಖಾತರಿ ಕಾಯ್ದೆಯ ಕಾಮಗಾರಿ ಪಟ್ಟಿಯಲ್ಲಿ ಹಂದಿಗೂಡಿಗೂ ಜಾಗ ಸಿಕ್ಕಿತ್ತು. ರಾಷ್ಟ್ರೀಯ ಜಾನುವಾರು ಮಿಷನ್ ಹಂದಿ ತಳಿಘಟಕಗಳಿಗೆ ಶೇಕಡಾ 50 ಸಹಾಯಧನ ಘೋಷಿಸಿದೆ. ಇಂಥ ಯೋಜನೆಗಳ ಅಂದಾಜುಪಟ್ಟಿಯಲ್ಲಿ ಗೋಡೆ, ಮಾಡುಗಳ ಅಳತೆಯ ಜೊತೆಗೆ ನೆಲದ ಇಳಿಜಾರು, ಮೇಲ್ಮೈಯ ಹದ, ಹಾಸಿನ ಜಾಗಗಳೂ ಬರಬೇಕೆಂದು ಪಂಚಾಯತುಗಳಲ್ಲಿ, ಪಶುಸಂಗೋಪನಾ ಇಲಾಖೆಯಲ್ಲಿ ಕೇಳುವುದು ನಮ್ಮ ಹಕ್ಕು.

ಪ್ರಾಣಿಹಿಂಸೆ ತಡೆ ಕಾಯ್ದೆ 1960ರಲ್ಲಿಯೇ ತನ್ನ 3ನೆಯ ಕಲಮಿನಲ್ಲಿ, ಪ್ರಾಣಿಯನ್ನು ತನ್ನ ವಶದಲ್ಲಿ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಅದರ ಕ್ಷೇಮದ ಹೊಣೆ ಹೊರಿಸಿದೆ. ಆ ಕಲಮು ತಿನ್ನುವ ಪ್ರಾಣಿ, ಪೂಜಿಸುವ ಪ್ರಾಣಿ ಎಂಬ ಭೇದ ಮಾಡಿಲ್ಲ. ಹೊಣೆ ಎಂಬುದು ದೊಡ್ಡ ಮಾತು. ಅದನ್ನು ಗೂಡಿನ ಬಾಗಿಲಲ್ಲಿ ಅಳೆಯುವುದಕ್ಕೆ ಸಣ್ಣ ಉಪಾಯವೊಂದು ಸಾಕು. ನಾಳೆ ಬೆಳಿಗ್ಗೆ ಗೂಡಿಗೆ ಹೋದಾಗ ಹಂದಿ ಮಲಗಿ ಎದ್ದ ಜಾಗಕ್ಕೆ ಬಗ್ಗಿ ಅಂಗೈ ಇಟ್ಟು ಒಮ್ಮೆ ಒತ್ತಿ ಎಳೆಯಿರಿ. ಅಂಗೈ ಒದ್ದೆಯಾದರೆ ನೀರಿಗೆ ದಾರಿ ಮಾಡಬೇಕು, ಗೀಚಿದರೆ ಗಾರೆ ತಿದ್ದಬೇಕು, ತಣ್ಣಗೆ ಕೊರೆದರೆ ಒಂದು ಹಿಡಿ ಬೈಹುಲ್ಲು ತರಬೇಕು. ಆ ಜಾಗದಲ್ಲಿ ನಮ್ಮ ಅಂಗೈ ಇದ್ದದ್ದು ಒಂದು ಗಳಿಗೆ. ಹಂದಿಯ ಮೈ ಇರುವುದು ಹುಟ್ಟಿನಿಂದ ಕೊನೆಯವರೆಗೆ.